ಹಲುಬುರಿ ಟೌನೂ ನನ್ನ ಪ್ರಮೋಷನ್ನೂ

"ಆರೇ ತಿಂಗಳು! ಬರೆದಿಟ್ಟುಕೊ. ಆರು ತಿಂಗಳೊಳಗೆ ಪ್ರಮೋಷನ್ ತಗೊಳ್ಳದಿದ್ರೆ ನನ್ನ ಹೆಸರು ಯಜ್ಞೇಶನೇ ಅಲ್ಲ!"

ಕತಾರಿನ ಅಲ್ ವಕ್ರಾದ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ನಿಂತು, ಎದೆ ತಟ್ಟಿಕೊಂಡು ನಾನು ಈ ಘೋರ ಪ್ರತಿಜ್ಞೆ ಮಾಡಿದ್ದು 2005ರ ನವೆಂಬರಿನಲ್ಲಿ. ಮೂರು ಲೋಕ ನಡುಗಬೇಕಿತ್ತು. ನಡುಗಲಿಲ್ಲ. ನನ್ನ ಹೆಂಡತಿ ಭವ್ಯಶ್ರೀ ಬಂಗುಡೆ ಮೀನು ಕೊಯ್ಯುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ.

"ಹಾಗಾದ್ರೆ ಬೇರೆ ಹೆಸರು ಎಂತ ಇಡುದು ಅಂತ ಈಗಲೇ ನೋಡಿಟ್ಕೊಳ್ಳಿ," ಎಂದಳು.

ಪ್ರತಿಜ್ಞೆಗೆ ಕಾರಣವಿತ್ತು. ನಮ್ಮ ಮದುವೆಯಾಗಿ ಎರಡು ವರ್ಷ ಕಳೆದಿತ್ತು. ಆ ಎರಡು ವರ್ಷದಲ್ಲಿ ನಾವಿಬ್ಬರೂ ಒಂದೇ ಸೂರಿನಡಿ ಇದ್ದದ್ದು ಎಪ್ಪತ್ತೊಂದು ದಿನ. ಉಳಿದದ್ದೆಲ್ಲ ಫೋನ್ ಕಾರ್ಡಿನ ಸಂಸಾರ! ನಮ್ಮ ಕಂಪನಿಯಲ್ಲಿ ಹೆಂಡತಿಯನ್ನು ಖಾಯಂ ಕರೆಸಿಕೊಳ್ಳಬೇಕಾದರೆ 'ಫ್ಯಾಮಿಲಿ ಸ್ಟೇಟಸ್' ಬೇಕು. ಆ ಸ್ಟೇಟಸ್ ಬೇಕಾದರೆ ಸೀನಿಯರ್ ಆಗಬೇಕು. ನಾನೋ ಬರೀ ಡಾಕ್ಯುಮೆಂಟ್ ಕಂಟ್ರೋಲರ್. ಹೆಸರು ಕೇಳಿದರೆ ದೊಡ್ಡ ಅಧಿಕಾರಿಯ ಹಾಗೆ ಕಾಣುತ್ತದೆ, ಕೆಲಸ ಇಷ್ಟೇ: ಬಂದ ಕಾಗದಕ್ಕೆ ಮೊಹರು ಒತ್ತುವುದು, ಫೈಲಿಗೆ ಹಾಕುವುದು, ಯಾರಾದರೂ ಕೇಳಿದರೆ ಹುಡುಕಿ ಕೊಡುವುದು. ಭವ್ಯಶ್ರೀ ಬಂದದ್ದು ಆರು ತಿಂಗಳ ವಿಸಿಟ್ ವೀಸಾದಲ್ಲಿ. ಮೇ ಇಪ್ಪತ್ತಕ್ಕೆ ಅದು ಮುಗಿಯುತ್ತದೆ. ಅಷ್ಟರೊಳಗೆ ನಾನು ಸೀನಿಯರ್ ಆದರೆ ಅವಳು ಇಲ್ಲೇ ಉಳಿಯುತ್ತಾಳೆ. ಆಗದಿದ್ದರೆ ಅವಳು ಕಿನ್ನಿಗೋಳಿಗೆ, ನಾನು ಪುನಃ ಆರು ಜನರ ಬ್ಯಾಚುಲರ್ ರೂಮಿಗೆ.

"ಪ್ರಮೋಷನ್ ಹೇಗೆ ತಗೊಳ್ತೀರಿ? ಕೆಲಸ ಮಾಡಿಯಾ?" ಎಂದು ಕೇಳಿದಳು. ಅವಳ ಧ್ವನಿಯಲ್ಲಿ ನಿಜವಾದ ಕುತೂಹಲವಿತ್ತು.

"ಕೆಲಸ ಮಾಡಿ ಯಾರಿಗಾದ್ರೂ ಪ್ರಮೋಷನ್ ಸಿಕ್ಕಿದ್ದುಂಟಾ? ಫುಟ್ಬಾಲ್! ಫುಟ್ಬಾಲಿನಿಂದ!"

ನನ್ನ ಪ್ರಮೋಷನ್ನಿಗೆ ಸಹಿ ಹಾಕಬೇಕಾದವರು ನಮ್ಮ ಮ್ಯಾನೇಜರ್ ಮಿಸ್ಟರ್ ನೈಜೆಲ್. ಅಸಲಿ ಇಂಗ್ಲೆಂಡಿನವರು. ಐದು ವರ್ಷದ ಹಿಂದೆ ನಾನು ಕೆಲಸಕ್ಕೆ ಸೇರಿದ ದಿನ ಬಾಗಿಲ ಮೇಲೆ 'ನೈಜೆಲ್' ಎಂದು ಓದಿ, ಓಹೋ ನಮ್ಮ ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ಬೆಂದೂರಿನವರು, ಅಬ್ಬಬ್ಬಾ ಅಂದರೆ ಶಿರ್ವದವರು ಎಂದು ಖುಷಿಯಾಗಿ, ಒಳಗೆ ಹೋಗಿ ಕೊಂಕಣಿಯಲ್ಲಿ "ಕಶೆ ಆಸಾತ್?" ಎಂದು ಕ್ಷೇಮ ವಿಚಾರಿಸಿದ್ದೆ. ತಿರುಗಿದ್ದು ಟೊಮೆಟೊ ಬಣ್ಣದ ಮುಖ! "ಕ್ಯಾಶ್ಯೂ? ಬೇಡಪ್ಪ, ಈಗಷ್ಟೇ ತಿಂಡಿ ಆಯಿತು," ಎಂದಿದ್ದರು. ಅಂದಿನಿಂದ ನಮ್ಮಿಬ್ಬರ ಮಾತು ಕಾಗದಪತ್ರ ಬಿಟ್ಟು ಆಚೆ ಹೋಗಿರಲಿಲ್ಲ.

ಆ ಮನುಷ್ಯನಿಗೆ ಕತಾರಿನಲ್ಲಿ ಹೆಂಡತಿಯಿಲ್ಲ, ಮಕ್ಕಳಿಲ್ಲ, ಇದ್ದದ್ದು ಒಂದೇ ಹುಚ್ಚು. ಅವರ ಊರಿನ ಫುಟ್ಬಾಲ್ ಕ್ಲಬ್ಬು ಹ್ಯಾಲ್ಬರಿ ಟೌನ್! ಮೇಜಿನ ಮೇಲೆ ಅದರ ಹಸಿರು ಬಾವುಟ, ಗೋಡೆಯಲ್ಲಿ ಅದರ ಕ್ಯಾಲೆಂಡರು, ಎಸಿಯ ಚಳಿಗೆ ಕುತ್ತಿಗೆಯಲ್ಲಿ ಅದರ ಹಸಿರು ಬಿಳಿ ಮಫ್ಲರು. ಇಡೀ ಆಫೀಸಿನಲ್ಲಿ ಅವರ ಜೊತೆ ಆ ಟೀಮಿನ ವಿಷಯ ಮಾತಾಡುವ ಒಂದು ನರಪಿಳ್ಳೆಯೂ ಇರಲಿಲ್ಲ. ಆ ನರಪಿಳ್ಳೆ ನಾನಾಗಬೇಕೆಂದು ತೀರ್ಮಾನಿಸಿದೆ.

ಆದರೆ ಫುಟ್ಬಾಲಿನ ಬಗ್ಗೆ ನನಗೆ ಗೊತ್ತಿದ್ದದ್ದು ಚೆಂಡು ಉರುಟಾಗಿರುತ್ತದೆ ಎಂಬುದೊಂದೇ. ಹಾಗಾಗಿ ನಮ್ಮ ಸ್ಟೋರ್ ಕೀಪರ್ ನೊರ್ಬರ್ಟರ ಶಿಷ್ಯನಾದೆ. ಕಿರೆಂನ ಪೊರ್ಬುಗಳು, ಅಂದರೆ ನಮ್ಮೂರ ಕಡೆಯ ಕ್ರಿಶ್ಚಿಯನ್ನರು, ಹತ್ತೊಂಬತ್ತು ವರ್ಷದ ಗಲ್ಫ್ ಅನುಭವ, ತಿಳಿಯದ ವಿಷಯವಿಲ್ಲ. ದೋಹಾದ ಮುಶೈರಿಬ್‌ನ ನಮ್ಮ ಆಫೀಸಿನ ಕೆಳಗಿದ್ದ ಕೆಫೆಟೇರಿಯಾದಲ್ಲಿ ಸುಲೈಮಾನಿ ಚಹಾದ ಮುಂದೆ ಪಾಠ ಶುರುವಾಯಿತು.

"ನೋಡು ಮಾರಾಯಾ, ನಮ್ಮ ಕಂಬಳ ಗೊತ್ತುಂಟಲ್ಲ? ಲೀಗ್ ಅಂದ್ರೆ ಇಡೀ ಸೀಸನಿನ ಕಂಬಳ. ಎಲ್ಲ ಕಡೆ ಹೋಗ್ಲಿಕ್ಕುಂಟು, ಎಲ್ಲರೊಟ್ಟಿಗೂ ಓಡ್ಲಿಕ್ಕುಂಟು. ಗೆದ್ರೆ ಮೂರು ಪಾಯಿಂಟು, ಸಮ ಆದ್ರೆ ಒಂದು, ಸೋತ್ರೆ ಸೊನ್ನೆ. ಕೊನೆಗೆ ಕೂಡಿಸುದು."

"ಮತ್ತೆ ಈ ಕಪ್ ಅಂದ್ರೆ ಎಂತ ಪೊರ್ಬುಗಳೇ?"

"ಕಪ್ ಅಂದ್ರೆ ಒಂದೇ ದಿನದ ಕಂಬಳ. ಸೋತ್ರೆ ಖಲಾಸ್! ಕೋಣಗಳನ್ನು ಲಾರಿ ಹತ್ತಿಸಿ ಮನೆಗೆ ಹೋಗುದೇ."

"ಈ ಹ್ಯಾಲ್ಬರಿ ಯಾವ ಜಾತಿಯ ಕೋಣ?"

"ಅದು ಕಿರಿಯ ವಿಭಾಗದ್ದು. ಮೇಲೆ ಹಿರಿಯ ವಿಭಾಗ ಅಂತ ಬೇರೆ ಉಂಟು. ವರ್ಷದ ಕೊನೆಗೆ ಕಿರಿಯದಲ್ಲಿ ಮೊದಲ ಎರಡು ಜಾಗದಲ್ಲಿದ್ದವರು ಸೀದಾ ಮೇಲೆ ಹತ್ತುದು. ಕೊನೆಗಿದ್ದವರು ಕೆಳಗೆ ಇಳಿಯುದು. ಗೊತ್ತಾಯ್ತಾ?"

ಗೊತ್ತಾಗದೆ ಇರುತ್ತದೆಯೇ! 'ಮೇಲೆ ಹತ್ತುದು, ಕೆಳಗೆ ಇಳಿಯುದು' ಎಂದು ನೋಟ್‌ಬುಕ್ಕಿನಲ್ಲಿ ಅಚ್ಚಗನ್ನಡದಲ್ಲಿ ಬರೆದುಕೊಂಡೆ. ನೊರ್ಬರ್ಟರು ಇಡೀ ಪಾಠವನ್ನು ಕನ್ನಡದಲ್ಲೇ ಮಾಡಿದರು, ನಾನು ಕನ್ನಡದಲ್ಲೇ ಕಲಿತೆ. ಭಾಷಾಭಿಮಾನ ಯಾರ ಕುತ್ತಿಗೆಗೂ ಹೀಗೆ ಬಂದಿರಲಿಕ್ಕಿಲ್ಲ!

"ಗೋಲ್ ಕಾಯುವವನಿಗೆ ಗೋಲಿ ಅಂತ ಹೇಳ್ತಾರೆ," ಎಂದರು ಕೊನೆಗೆ. "ನೀನಂತೂ ಹುಟ್ಟಿದ್ದೇ ಕಿನ್ನಿಗೋಳಿಯಲ್ಲಿ. ತುಳುವಲ್ಲಿ ಕಿನ್ನಿ ಅಂದ್ರೆ ಸಣ್ಣದು. ಸಣ್ಣ ಗೋಲಿ! ರಕ್ತದಲ್ಲೇ ಉಂಟು ನಿಂಗೆ ಫುಟ್ಬಾಲ್."

ನಾನು ನಂಬಿದೆ.

ಪ್ರತಿ ಶನಿವಾರ ಸಂಜೆ ಅಲ್ಲಿ ಮ್ಯಾಚು. ಕತಾರಿನಲ್ಲಿ ರಜೆ ಶುಕ್ರವಾರ, ಶನಿವಾರ; ಭಾನುವಾರ ಬೆಳಿಗ್ಗೆ ನಮಗೆ ಆಫೀಸು. ಮಿಸ್ಟರ್ ನೈಜೆಲರ ಬಾಗಿಲು ತೆರೆದಿದ್ದರೆ ಹ್ಯಾಲ್ಬರಿ ಗೆದ್ದಿದೆ, ಮುಚ್ಚಿದ್ದರೆ ಸೋತಿದೆ, ಅರ್ಧ ತೆರೆದಿದ್ದರೆ ಸಮ. ಬಾಗಿಲು ನೋಡಿಕೊಂಡು ನಾನು ಒಳನುಗ್ಗಿ, ನೊರ್ಬರ್ಟರು ಹೇಳಿಕೊಟ್ಟ ಒಂದು ವಾಕ್ಯ ಉದುರಿಸಿ ಬರುತ್ತಿದ್ದೆ. "ಸರ್, ನಮ್ಮ ಮಿಡ್‌ಫೀಲ್ಡ್ ಗಟ್ಟಿಯಾಯಿತು." "ಸರ್, ನಮ್ಮ ಡಿಫೆನ್ಸ್ ನಿದ್ದೆ ಮಾಡಿತು." ನಮ್ಮ! ಆ 'ನಮ್ಮ' ಎಂಬ ಶಬ್ದಕ್ಕೇ ಆ ಮನುಷ್ಯ ಕರಗಿಹೋದರು. ಯಜ್ಞೇಶ ಎಂದು ಹೇಳಲು ಬಾರದ ಅವರು ನನ್ನನ್ನು 'ಯಾಗ್' ಎಂದು ಕರೆಯತೊಡಗಿದರು.

ಸಣ್ಣಪುಟ್ಟ ಅವಘಡಗಳು ಆಗಲಿಲ್ಲವೆಂದಲ್ಲ. ಡಿಸೆಂಬರಿನಲ್ಲಿ ಒಂದು ದಿನ ಅವರು ಫೋನಿನಲ್ಲಿ "ಆಫ್‌ಸೈಡ್! ಅವನು ಮೈಲು ದೂರ ಆಫ್‌ಸೈಡ್ ಇದ್ದ! ಯಾರೂ ನೋಡಲಿಲ್ಲ!" ಎಂದು ಕೂಗುವುದು ಕೇಳಿಸಿತು. ಅದು ಫುಟ್ಬಾಲಿನ ಒಂದು ತಪ್ಪಿನ ಹೆಸರೆಂದು ನನಗೇನು ಗೊತ್ತು? ನಮ್ಮದು ಕಟ್ಟಡದ ಕಂಪನಿ, ಸೈಟು ಬಿಟ್ಟು ಹೋದರೆ 'ಆಫ್ ಸೈಟ್'. ಮೈಲು ದೂರ ಹೋದವನು ಯಾರಿರಬಹುದೆಂದು ತಲೆ ಓಡಿಸಿ, ಸರ್ವೇಯರ್ ಉಮರ್ ಎಂದು ಪತ್ತೆ ಹಚ್ಚಿ, ಅವನಿಗೊಂದು ಮೆಮೋ ತಯಾರಿಸಿ ಸಹಿಗೆ ಇಟ್ಟೆ. ನೈಜೆಲ್ ಓದದೆಯೇ ಸಹಿ ಹಾಕಿದರು. ಆ ಬಡಪಾಯಿ ಬಿಸಿಲಲ್ಲಿ ನಿಂತು ಅಳತೆ ಮಾಡುತ್ತಿದ್ದವನು ವಿವರಣೆ ಕೊಡಲು ಓಡಿ ಬಂದ. ಮುಂದಿನ ವರ್ಷ ದೋಹಾದಲ್ಲಿ ನಡೆಯಲಿದ್ದ ಏಷ್ಯನ್ ಗೇಮ್ಸಿನ ತುರ್ತು ಕೆಲಸ ಅರ್ಧ ದಿನ ನಿಂತಿತು.

ಜನವರಿಯಲ್ಲಿ ಕಪ್ಪಿನ ಮ್ಯಾಚು. ನಮ್ಮ ಹ್ಯಾಲ್ಬರಿ ಹಿರಿಯ ವಿಭಾಗದ ದೊಡ್ಡ ಕೋಣವೊಂದರ ಜೊತೆ ಒಂದೊಂದು ಗೋಲಿನಲ್ಲಿ ಸಮ ಮಾಡಿಕೊಂಡಿತು. "ಯಾಗ್, ಮಂಗಳವಾರ ರಿಪ್ಲೇ!" ಎಂದು ಕುಣಿದರು ನೈಜೆಲ್. ನಾನು ತಿಳಿದವನ ಹಾಗೆ ನಕ್ಕು, "ಸರ್, ಫಲಿತಾಂಶ ಗೊತ್ತಾದ ಮೇಲೆ ರಿಪ್ಲೇ ನೋಡುವುದರಲ್ಲಿ ಏನು ಮಜಾ?" ಎಂದೆ. ಟಿವಿಯಲ್ಲಿ ಪುನಃ ಹಾಕುತ್ತಾರಲ್ಲ, ಅದು ಎಂದುಕೊಂಡಿದ್ದೆ! ಕಪ್ಪಿನಲ್ಲಿ ಸಮವಾದರೆ ಇಡೀ ಮ್ಯಾಚನ್ನು ಇನ್ನೊಂದು ದಿನ ಮತ್ತೆ ಆಡುತ್ತಾರಂತೆ. ನೈಜೆಲ್ ನನ್ನನ್ನು ಒಂದು ನಿಮಿಷ ನೋಡಿ, ಆಮೇಲೆ ಹೊಟ್ಟೆ ಹಿಡಿದು ನಕ್ಕರು. ಇಂಗ್ಲಿಷ್ ಹಾಸ್ಯ ಎಂದು ತಿಳಿದರಂತೆ. ನನ್ನ ಅಜ್ಞಾನಕ್ಕೆ ಅಷ್ಟು ದೊಡ್ಡ ಮರ್ಯಾದೆ ಅದೇ ಮೊದಲು.

ರಿಪ್ಲೇಯಲ್ಲಿ ಗೆದ್ದರು. ಮುಂದಿನ ಸುತ್ತಿನಲ್ಲೂ ಗೆದ್ದರು. ಫೆಬ್ರವರಿಯಲ್ಲಿ ನಾಲ್ಕು ಗೋಲು ತಿಂದು ಕೋಣಗಳನ್ನು ಲಾರಿಗೆ ಹತ್ತಿಸಿದರು. ಒಂದು ವಾರ ಬಾಗಿಲು ತೆರೆಯಲಿಲ್ಲ.

ಇತ್ತ ಮನೆಯಲ್ಲೂ ಹ್ಯಾಲ್ಬರಿಯದೇ ಕಾಟ. ಶನಿವಾರ ಬಂತೆಂದರೆ ನನಗೆ ಕೂತಲ್ಲಿ ಕೂರಲಾಗದು. ಸ್ಕೋರು ತಿಳಿಯಲು ನೊರ್ಬರ್ಟರಿಗೆ ಹತ್ತು ಸಲ ಫೋನು, ಮಧ್ಯೆ ಬಾಲ್ಕನಿಗೆ, ಬಾಲ್ಕನಿಯಿಂದ ಬಚ್ಚಲಿಗೆ.

"ಏನು ಮಾರಾಯ್ರೇ ನಿಮ್ಮ ಅವಸ್ಥೆ! ಹ್ಯಾಲ್ಬರಿ ಅಲ್ಲ ಅದು, ಹಲುಬುರಿ! ಗೆದ್ರೂ ಹಲುಬುದು, ಸೋತ್ರೂ ಹಲುಬುದು."

"ಲೀಗಲ್ಲಿ ಮೂರನೇ ಸ್ಥಾನಕ್ಕೆ ಬಂತು ಕಣೇ! ಇನ್ನೊಂದು ಗೋಲು ಸಿಕ್ಕಿದ್ರೆ..."

"ಗೋಲಲ್ಲ, ಇದು ನನ್ನ ಗೋಳು! ವೀಸಾ ಮುಗೀಲಿಕ್ಕೆ ಎಷ್ಟು ದಿನ ಉಂಟು ಅಂತ ಗೊತ್ತುಂಟಾ ನಿಮಗೆ? ಅವರ ಪಾಯಿಂಟು ಬಾಯಿಪಾಠ ಉಂಟು. ನನ್ನ ದಿನ?"

ಗೊತ್ತಿತ್ತು. ಅವಳು ಕ್ಯಾಲೆಂಡರಿನ ಹಾಳೆ ಮಗುಚಿದಾಗಲೆಲ್ಲ ನಾನೂ ಗುಟ್ಟಾಗಿ ದಿನ ಎಣಿಸುತ್ತಿದ್ದೆ. ಬೆಳಿಗ್ಗೆ ಕಂಪನಿ ವ್ಯಾನಿಗೆ ಓಡುವಾಗ ಬಾಗಿಲಲ್ಲಿ ಒಬ್ಬಳು ನಿಂತಿರುತ್ತಾಳೆ ಎಂಬುದು ಎಷ್ಟು ದೊಡ್ಡ ಸುಖವೆಂದು ನನಗೆ ಆ ಚಳಿಗಾಲದಲ್ಲಿ ಗೊತ್ತಾಗಿತ್ತು. ಆದರೆ ಪ್ರಮೋಷನ್ ಬಗ್ಗೆ ನೈಜೆಲರ ಹತ್ತಿರ ಬಾಯಿಬಿಟ್ಟು ಕೇಳಲು ಧೈರ್ಯವಿರಲಿಲ್ಲ. ಕೇಳಿ ಇಲ್ಲವೆಂದರೆ?

ಹಾಗಿರುವಾಗ ಏಪ್ರಿಲಿನ ಕೊನೆಯ ವಾರದ ಬುಧವಾರ ಬಂತು. ನಾನು ಫೈಲು ಹಿಡಿದು ಅವರ ಬಾಗಿಲಿಗೆ ಹೋದೆ. ಅವರು ಫೋನಿನಲ್ಲಿದ್ದರು.

"ಹೌದು, ಪ್ರಮೋಷನ್! ಹೆಚ್ಚು ಕಡಿಮೆ ಆದ ಹಾಗೆಯೇ. ಶನಿವಾರ ಖಚಿತವಾಗುತ್ತದೆ. ಎಷ್ಟು ವರ್ಷ ಕಾದದ್ದು! ಯಾರಾದರೂ ಅರ್ಹರಿದ್ದರೆ ಅದು ಇವರೇ."

ನನ್ನ ಕೈಯ ಫೈಲು ನೆಲಕ್ಕೆ ಬಿತ್ತು. ನೈಜೆಲ್ ತಿರುಗಿ ನೋಡಿದರು. ಮುಖದಲ್ಲಿ ಹುಣ್ಣಿಮೆ! ಫೋನಿಟ್ಟು, ನನ್ನ ಕಡೆ ಎರಡೂ ಹೆಬ್ಬೆರಳು ಎತ್ತಿ ಹೇಳಿದರು: "ಕೇಳಿಸಿತಾ ಯಾಗ್? ಪ್ರಮೋಷನ್! ನೀನೂ ಇಡೀ ವರ್ಷ ಕಷ್ಟಪಟ್ಟಿದ್ದೀ. ಶನಿವಾರದವರೆಗೆ ಉಸಿರು ಹಿಡಿದುಕೋ."

ಇದಕ್ಕಿಂತ ಸ್ಪಷ್ಟವಾಗಿ ಇನ್ನು ಯಾವ ದೇವರು ಬಂದು ಹೇಳಬೇಕು?

ಭವ್ಯಶ್ರೀಗೆ ಫೋನ್ ಮಾಡಿದೆ. ಖುಷಿಗೆ ಅರ್ಧ ತುಳು, ಅರ್ಧ ಕನ್ನಡ, ಉಳಿದದ್ದು ಅಳು.

"ಕಾಗದ ಕೈಗೆ ಬಂತಾ?" ಎಂದಳು.

"ಕಾಗದ ಎಂತಕ್ಕೆ? ಬಾಸ್ ಬಾಯಿಂದ ಬಂದಿದೆ!"

"ಬಾಯಿಗೆ ಮೊಹರು ಒತ್ತಿ ಫೈಲಿಗೆ ಹಾಕ್ಲಿಕ್ಕೆ ಆಗ್ತದಾ? ಕಾಗದ ಬರ್ಲಿ, ಆಮೇಲೆ ಹೇಳುವ ಎಲ್ಲರಿಗೆ."

ಹಾಗೆ ಹೇಳಿದವಳೇ ಐದು ನಿಮಿಷದಲ್ಲಿ ಮೇಲಿನ ಮನೆಯ ಆಸಿಯಾಕ್ಕನಿಗೆ ಹೇಳಿದಳು. ಉಳ್ಳಾಲದ ಆಸಿಯಾಕ್ಕನಿಗೆ ಒಂದು ಸುದ್ದಿ ಕೊಟ್ಟರೆ ಪೇಪರಿನವರಿಗೆ ಕೆಲಸವಿಲ್ಲ. ಸಂಜೆ ವ್ಯಾನಿನಿಂದ ಇಳಿಯುವಷ್ಟರಲ್ಲಿ ವಕ್ರಾದ ಅರ್ಧ ತುಳುನಾಡು ನನಗೆ ಕೈಕುಲುಕಿತು. ಮರುದಿನ ಕಿನ್ನಿಗೋಳಿಯಿಂದ ಅತ್ತೆಯ ಫೋನು: "ಮ್ಯಾನೇಜರ್ ಆದ್ರಂತೆ?" ನಡುವೆ ಸಮುದ್ರ ದಾಟುವಾಗ ನಾನು ಎರಡು ಮೆಟ್ಟಿಲು ಹೆಚ್ಚು ಹತ್ತಿದ್ದೆ!

"ಪಾರ್ಟಿ ಯಾವಾಗ?" ಎಂದು ಎಲ್ಲರೂ ಕೇಳುವವರೇ. ಶನಿವಾರ ಸಂಜೆ ಏಳೂವರೆಗೆ ಎಂದು ನಿಶ್ಚಯವಾಯಿತು. ಆಸಿಯಾಕ್ಕ ಕೇಕಿಗೆ ಹೇಳಿದರು. ಭವ್ಯಶ್ರೀ ಮೂವತ್ತು ಜನಕ್ಕೆ ಕೋರಿರೊಟ್ಟಿಯ, ಅಂದರೆ ಕೋಳಿಸಾರು ಮತ್ತು ಗರಿಗರಿ ಅಕ್ಕಿರೊಟ್ಟಿಯ, ಲೆಕ್ಕ ಹಾಕಿದಳು. ಬಾಸನ್ನು ಕರೆಯದಿದ್ದರೆ ಹೇಗೆ? ಗುರುವಾರ ಹೋಗಿ, ನಾಚಿಕೊಂಡು ಹೇಳಿದೆ: "ಸರ್, ಶನಿವಾರ ಸಂಜೆ ನಮ್ಮ ಮನೆಯಲ್ಲಿ ಪ್ರಮೋಷನ್ ಪಾರ್ಟಿ. ನೀವು ಬರಲೇಬೇಕು."

ನೈಜೆಲರ ಕಣ್ಣು ತೇವವಾಯಿತು. "ನಿನ್ನ ಮನೆಯಲ್ಲಿ? ಇದಕ್ಕೋಸ್ಕರ? ಯಾಗ್, ನೀನು ದೊಡ್ಡ ಮನುಷ್ಯ." ಆಮೇಲೆ ಗಾಬರಿಯಾಗಿ, ದೃಷ್ಟಿ ತಾಗದಿರಲೆಂದು ಮೇಜಿನ ಮರ ಮುಟ್ಟಿದರು. "ಆದರೆ ಈಗಲೇ ಹೇಳಲಾಗದು. ಮೂರನೆಯವರು ಬೆನ್ನ ಹಿಂದೆಯೇ ಇದ್ದಾರೆ. ಶನಿವಾರ ನಾವು ಎಡವಿದೆವೋ, ಅವರು ನುಗ್ಗಿಬಿಡುತ್ತಾರೆ."

ಮೂರನೆಯವರು! ಅಂದರೆ ಪಟ್ಟಿಯಲ್ಲಿ ಇನ್ನೂ ಇಬ್ಬರಿದ್ದಾರೆ! ಯಾರವರು? ಶುಕ್ರವಾರವಿಡೀ ನಾನು ಕೂತರೆ ಎದ್ದೆ, ಎದ್ದರೆ ನಡೆದೆ. ಆಫೀಸಿನ ಒಬ್ಬೊಬ್ಬರ ಮುಖವನ್ನೂ ಕಣ್ಣ ಮುಂದೆ ತಂದುಕೊಂಡು ಸಂಶಯಪಟ್ಟೆ. ಶನಿವಾರವೇ ಯಾಕೆ ತೀರ್ಮಾನ? ರಜೆಯ ದಿನ ಎಡವುವುದಾದರೂ ಎಲ್ಲಿ? ಎಡವಬಾರದೆಂದು ನಾನು ಶನಿವಾರ ಬೆಳಿಗ್ಗೆಯಿಂದ ಮೆಟ್ಟಿಲನ್ನೇ ಇಳಿಯಲಿಲ್ಲ.

"ಈರುಳ್ಳಿಯಾದ್ರೂ ಸುಲೀರಿ. ಕೈಗೆ ಕೆಲಸ ಇದ್ರೆ ಕಾಲು ನಿಲ್ತದೆ," ಎಂದಳು ಭವ್ಯಶ್ರೀ. ನಾಲ್ಕು ಕೆಜಿ ಸುಲಿದೆ. ಕಾಲು ನಿಲ್ಲಲಿಲ್ಲ. ನೊರ್ಬರ್ಟರಿಗೆ ಫೋನು ಮಾಡಿ ಸ್ಕೋರು ಕೇಳುವುದೂ ಮರೆತೇ ಹೋಯಿತು.

ಏಳೂವರೆಗೆ ಮನೆ ತುಂಬಿತು. ಕೂರಲು ಜಾಗವಿಲ್ಲದೆ ಗಂಡಸರು ಬಾಲ್ಕನಿಯಲ್ಲಿ, ಹೆಂಗಸರು ಮಂಚದ ಮೇಲೆ. ಮೇಜಿನ ಮೇಲೆ ದೊಡ್ಡ ಕೇಕು. 'ಪ್ರಮೋಷನ್ನಿಗೆ ಅಭಿನಂದನೆ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಬೇಕರಿಯಲ್ಲಿ ಬೇರೆ ಬಣ್ಣದ ಕ್ರೀಮು ಖಾಲಿಯಾಗಿತ್ತಂತೆ, ಹಸಿರು ಮತ್ತು ಬಿಳಿ ಮಾತ್ರ ಇತ್ತಂತೆ. ಭವ್ಯಶ್ರೀ ಮದುವೆಯ ಹಸಿರು ಸೀರೆ ಉಟ್ಟಿದ್ದಳು. ತವರಿಗೆ ಕಳುಹಿಸುವ ಮಾತೇ ಇನ್ನು ಬೇಡವೆಂಬ ನೆಮ್ಮದಿ ಅವಳ ಮುಖದಲ್ಲಿತ್ತು, ಅದನ್ನು ನೋಡಿ ನನಗೆ ಮ್ಯಾನೇಜರೇ ಆದಷ್ಟು ಹೆಮ್ಮೆಯಾಯಿತು.

ಎಂಟಕ್ಕೆ ಬಾಗಿಲು ಧಡಾರನೆ ತೆರೆಯಿತು. ಮಿಸ್ಟರ್ ನೈಜೆಲ್! ಕುತ್ತಿಗೆಯಲ್ಲಿ ಮಫ್ಲರು, ಕೆಂಪು ಕಣ್ಣು, ಒಡೆದ ಗಂಟಲು. "ಯಾಗ್! ಆಯಿತು! ನಾವು ಮೇಲೆ ಹೋದೆವು!" ಎಂದು ಕೂಗಿ ನನ್ನನ್ನು ಅಪ್ಪಿ ನೆಲದಿಂದ ಎತ್ತಿದರು. ಇಡೀ ಮನೆ ಚಪ್ಪಾಳೆ ತಟ್ಟಿತು. ಆಸಿಯಾಕ್ಕ ಸಿಳ್ಳೆ ಹಾಕಿದರು. ಬಾಸು ಹೀಗೆ ಎತ್ತಿಕೊಂಡು ಪ್ರಮೋಷನ್ ಕೊಟ್ಟದ್ದು ಗಲ್ಫಿನಲ್ಲೇ ಮೊದಲೆಂದು ಯಾರೋ ಹೇಳಿದರು.

ನನ್ನನ್ನು ಕೆಳಗಿಳಿಸಿದ ನೈಜೆಲ್ ಕೇಕು ನೋಡಿದರು. ಹಸಿರು ಬಿಳಿ ಕ್ರೀಮು ನೋಡಿದರು. ಭವ್ಯಶ್ರೀಯ ಸೀರೆ ನೋಡಿದರು. ನಿಂತಲ್ಲೇ ಅತ್ತುಬಿಟ್ಟರು. ಕಣ್ಣೊರೆಸಿಕೊಂಡು ಭಾಷಣಕ್ಕೆ ಶುರುಮಾಡಿದರು.

"ಗೆಳೆಯರೇ, ನಾನು ಒಂಬತ್ತು ವರ್ಷದವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಇದಕ್ಕಾಗಿ ಕಾಯಲು ಶುರುಮಾಡಿದೆ..."

ನನ್ನ ಪ್ರಮೋಷನ್ನಿಗೆ? ಆಗ ನಾನು ಹುಟ್ಟಿಯೇ ಇರಲಿಲ್ಲ!

"ಅಪ್ಪ ನೋಡದೆ ಹೋದ. ಇವತ್ತು ಎಂಬತ್ತೆಂಟನೇ ನಿಮಿಷದಲ್ಲಿ ಆ ಹುಡುಗ ತಲೆಯಿಂದ ಹೊಡೆದಾಗ..."

ನನ್ನ ಕಾಲು ಮೊದಲ ಸಲ ನಿಂತಿತು. ಪಕ್ಕದಲ್ಲಿ ನೊರ್ಬರ್ಟರು ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು ನನ್ನ ಕಡೆ ತಿರುಗಿದರು.

"ಇದು ಹ್ಯಾಲ್ಬರಿಯ ಪ್ರಮೋಷನ್ ಅಲ್ವಾ? ನಿನ್ನದು ಎಲ್ಲಿ?"

"ಹ್ಯಾಲ್ಬರಿಗೆ ಎಂಥ ಪ್ರಮೋಷನ್ ಪೊರ್ಬುಗಳೇ?"

"ಮೇಲೆ ಹತ್ತುದಕ್ಕೆ ಇಂಗ್ಲಿಷಲ್ಲಿ ಪ್ರಮೋಷನ್ ಅಂತಲೇ ಹೇಳುದು ಮಾರಾಯಾ! ಅವತ್ತೇ ಹೇಳಿದ್ದೆನಲ್ಲ!"

"ನೀವು ಹೇಳಿದ್ದು ಮೇಲೆ ಹತ್ತುದು ಅಂತ ಮಾತ್ರ!"

ನಮ್ಮ ಪಿಸುಮಾತು ಭವ್ಯಶ್ರೀಯ ಕಿವಿಗೆ ಬಿತ್ತು. ಅವಳ ಮುಖದ ಬಣ್ಣ ಇಳಿಯಿತು. ಆದರೂ ನೈಜೆಲರ ಕೈಗೆ ಚಾಕು ಕೊಟ್ಟಳು, ಕೇಕು ಕತ್ತರಿಸಲು ಹೇಳಿದಳು, ಮೊದಲ ತುಂಡನ್ನು ತಟ್ಟೆಯಲ್ಲಿ ಇಟ್ಟುಕೊಟ್ಟಳು. ತಂದೆಯನ್ನು ನೆನೆದು ಅತ್ತ ಮನುಷ್ಯನ ಖುಷಿ ಕೆಡಿಸಲು ಅವಳಿಗೆ ಮನಸ್ಸು ಬರಲಿಲ್ಲವೆಂದು ಆಮೇಲೆ ಹೇಳಿದಳು. ಮೂವತ್ತು ಜನ ನೆಂಟರಿಷ್ಟರು, ಯಾವತ್ತೂ ಹೆಸರೇ ಕೇಳದ ಒಂದು ಇಂಗ್ಲಿಷ್ ಊರಿನ ಟೀಮಿಗೋಸ್ಕರ ಕೋರಿರೊಟ್ಟಿ ಉಂಡರು.

ನೀರು ಕುಡಿಯಲು ಅಡುಗೆಕೋಣೆಗೆ ಹೋದ ನೈಜೆಲ್ ಅಲ್ಲಿಂದ ಕೂಗಿದರು: "ಯಾಗ್! ಇದು ನೀನು ಮಾಡಿದ್ದಾ?"

ನಮ್ಮ ಫ್ರಿಜ್ಜಿನ ಬಾಗಿಲಲ್ಲಿ ಒಂದು ಎ-ಫೋರ್ ಹಾಳೆ ಅಂಟಿಸಿದ್ದೆ. ಕಿರಿಯ ವಿಭಾಗದ ಇಪ್ಪತ್ತನಾಲ್ಕು ಟೀಮುಗಳ ಪಾಯಿಂಟು ಪಟ್ಟಿ. ಫೆಬ್ರವರಿಯಿಂದ ವಾರವಾರವೂ ಅಳಿಸಿ ತಿದ್ದಿ ಬರೆದದ್ದು, ಹ್ಯಾಲ್ಬರಿಯ ಸಾಲಿಗೆ ಹಸಿರು ಗೆರೆ ಎಳೆದದ್ದು. ನೈಜೆಲ್ ಅದನ್ನು ದೇವರ ಫೋಟೋ ನೋಡಿದಂತೆ ನೋಡುತ್ತಿದ್ದರು.

"ಇದನ್ನು ನಾನು ಇಟ್ಟುಕೊಳ್ಳಲಾ? ಫ್ರೇಮ್ ಹಾಕಿಸುತ್ತೇನೆ."

"ನಿಮ್ಮದೇ ಸರ್," ಎಂದೆ. ಇನ್ನು ಅದರಿಂದ ನನಗೇನು?

ಆಯಸ್ಕಾಂತ ಕಿತ್ತು, ಹಾಳೆ ಬಿಡಿಸಿಕೊಂಡು, ಮಡಚಲೆಂದು ಮಗುಚಿದರು. ಅಲ್ಲೇ ನಿಂತರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ನನ್ನನ್ನು ನೋಡಿದರು, ಹಾಳೆಯನ್ನು ನೋಡಿದರು, ಪುನಃ ನನ್ನನ್ನು ನೋಡಿದರು. ಆಮೇಲೆ ನಿಧಾನವಾಗಿ ಓದಿದರು: "ಸೀನಿಯರ್ ಡಾಕ್ಯುಮೆಂಟ್ ಕಂಟ್ರೋಲರ್ ಹುದ್ದೆಯ ಬಡ್ತಿಗೆ ಶಿಫಾರಸು. ನೌಕರನ ಹೆಸರು: ಯಜ್ಞೇಶ್. ಕೆಳಗಿನ ಭಾಗವನ್ನು ನೌಕರನು ತುಂಬಿಸಿ, ಸಹಿ ಮಾಡಿ, ಮಾರ್ಚ್ ಹದಿನೈದರೊಳಗೆ ಹಿಂದಿರುಗಿಸತಕ್ಕದ್ದು."

ಕೆಳಗೆ ಅವರದೇ ಸಹಿ. ಪಕ್ಕದಲ್ಲಿ ನನ್ನದೇ ಮೊಹರು, 'ಸ್ವೀಕರಿಸಲಾಗಿದೆ, ಫೆಬ್ರವರಿ 22'.

"ನಾನೇ ನಿನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದೆ," ಎಂದರು ನೈಜೆಲ್. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಶ್ಚರ್ಯವಿತ್ತು. "ವಾಪಸು ಬರಲೇ ಇಲ್ಲ. ನಿನಗೆ ಇಷ್ಟವಿಲ್ಲವೇನೋ, ಕೇಳಿ ಮುಜುಗರ ಮಾಡಬಾರದು ಎಂದು ಸುಮ್ಮನಾದೆ."

ನೆನಪಾಯಿತು. ಕಪ್ಪಿನಲ್ಲಿ ಸೋತ ವಾರ. ಲೀಗಿನ ಲೆಕ್ಕ ಬಾಯಿಪಾಠ ಮಾಡಿ ಬಾಸನ್ನು ಸಮಾಧಾನಪಡಿಸಬೇಕೆಂಬ ಅವಸರದಲ್ಲಿ, ಟ್ರೇಯಲ್ಲಿದ್ದ ಹಾಳೆಗೆ ಅಭ್ಯಾಸಬಲದಿಂದ ಮೊಹರು ಒತ್ತಿ, ಮಗುಚಿದರೆ ಹಿಂಭಾಗ ಖಾಲಿಯಿದೆ ಎಂದು ಪಟ್ಟಿ ಬರೆದಿದ್ದೆ. ಎರಡು ತಿಂಗಳು ದಿನಕ್ಕೆ ಹತ್ತು ಸಲ ಆ ಫ್ರಿಜ್ಜು ತೆರೆದೆವು, ಮುಚ್ಚಿದೆವು. ನನ್ನ ಪ್ರಮೋಷನ್ನು ಗೋಡೆಗೆ ಮುಖ ಮಾಡಿದ ಹುಡುಗನ ಹಾಗೆ ಅಲ್ಲೇ ನಿಂತಿತ್ತು!

"ಸರ್, ಈಗ ತುಂಬಿಸಿ ಕೊಟ್ರೆ?" ಎಂದು ಭವ್ಯಶ್ರೀ ನೇರವಾಗಿ ಕೇಳಿದಳು. ನಾನು ಆರು ತಿಂಗಳಲ್ಲಿ ಕೇಳಲಾಗದ್ದನ್ನು ಅವಳು ಒಂದು ಉಸಿರಿಗೆ ಕೇಳಿದ್ದಳು.

ನೈಜೆಲ್ ತಲೆಯಾಡಿಸಿದರು. ಪಟ್ಟಿ ಮಾರ್ಚಿಗೇ ಮುಚ್ಚಿದೆ, ಹೆಡ್ ಆಫೀಸಿನವರು ಒಪ್ಪುವುದಿಲ್ಲ, ಮುಂದಿನದು ಸೆಪ್ಟೆಂಬರಿಗೆ. ಆವಾಗ ತಾವೇ ಮುಂದೆ ನಿಂತು ಮಾಡಿಸುತ್ತೇನೆ ಎಂದರು. ಒಳ್ಳೆಯ ಮನುಷ್ಯ. ಹೋಗುವಾಗ ಮಫ್ಲರನ್ನು ನನ್ನ ಕುತ್ತಿಗೆಗೆ ಸುತ್ತಿ ಹೋದರು.

ಮೇ ಹತ್ತೊಂಬತ್ತಕ್ಕೆ ಭವ್ಯಶ್ರೀ ಹೊರಟಳು. ಆ ಮೂರು ವಾರ ಅವಳು ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ! ಏರ್‌ಪೋರ್ಟಿನಲ್ಲಿ ಪಾಸ್‌ಪೋರ್ಟು, ಟಿಕೇಟು ನನ್ನ ಕೈಯಲ್ಲಿರುವುದು ಕಂಡು ಮೆಲ್ಲನೆ ತೆಗೆದುಕೊಂಡಳು.

"ಇದನ್ನು ಇಲ್ಲಿ ಕೊಡಿ. ಇದರ ಹಿಂದೆಯೂ ಖಾಲಿ ಜಾಗ ಉಂಟು."

ಅಷ್ಟೇ ಹೇಳಿದ್ದು. ಅವಳು ಗಾಜಿನ ಬಾಗಿಲ ಆಚೆ ಹೋದ ಮೇಲೆ ನಾನು ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತೆ. ಯಾವ ಟೀಮಿಗಾಗಿಯೂ ಅಲ್ಲ.

ಬೇಸಗೆಯಿಡೀ ಬ್ಯಾಚುಲರ್ ರೂಮಿನಲ್ಲಿ ಕಳೆದೆ. ಕೈಗೆ ಬಂದ ಹಾಳೆಯನ್ನೆಲ್ಲ ಮುಂದೆ ಹಿಂದೆ ಎರಡೂ ಕಡೆ ಓದಿದೆ, ಟಿಶ್ಯೂ ಪೇಪರನ್ನೂ ಬಿಡಲಿಲ್ಲ. ಆಗಸ್ಟಿನಲ್ಲಿ ಹ್ಯಾಲ್ಬರಿ ಹಿರಿಯ ವಿಭಾಗದಲ್ಲಿ ಆಡಲು ಶುರುಮಾಡಿ ಮೊದಲ ನಾಲ್ಕು ಮ್ಯಾಚಿನಲ್ಲೂ ಸೋತಿತಂತೆ. ನಾನು ಕೇಳಲೇ ಇಲ್ಲ.

ಸೆಪ್ಟೆಂಬರ್ ಕೊನೆಗೆ ಆ ಲಕೋಟೆ ಬಂತು. ಒಡೆದೆ. ಮೂರು ಸಲ ಓದಿದೆ. ನೊರ್ಬರ್ಟರಿಂದ ಜೋರಾಗಿ ಓದಿಸಿದೆ. ಮಗುಚಿ ನೋಡಿದೆ, ಹಿಂದೆ ಏನೂ ಇರಲಿಲ್ಲ. ಮೊಹರು ಒತ್ತಿ, ಫೋಟೊಕಾಪಿ ತೆಗೆದು, ಕಾಪಿಯನ್ನು ಫೈಲಿಗೆ ಹಾಕಿ, ಅಸಲನ್ನು ಎದೆಗೊತ್ತಿಕೊಂಡು ಮುಶೈರಿಬ್‌ನ ರಸ್ತೆಗೆ ಓಡಿದೆ. ಹೊಸ ಫೋನ್ ಕಾರ್ಡು ಕೆರೆದು ಕಿನ್ನಿಗೋಳಿಗೆ ಹಚ್ಚಿದೆ. ಅವಸರಕ್ಕೆ ಎರಡು ಸಲ ತಪ್ಪು ನಂಬರಿಗೆ ಹೋಯಿತು. ಮೂರನೇ ಸಲ ಅವಳೇ ಎತ್ತಿಕೊಂಡಳು.

"ಭವ್ಯಾ! ಬಂತು! ಪ್ರಮೋಷನ್ ಬಂತು!" ಎಂದು ಸಿಗ್ನಲಿನಲ್ಲಿ ನಿಂತ ಕಾರುಗಳೆಲ್ಲ ತಿರುಗಿ ನೋಡುವ ಹಾಗೆ ಕಿರುಚಿದೆ.

"ಹೌದಾ," ಎಂದಳು. "ಯಾವ ಟೀಮಿಗೆ?"